ಗೆಣಸಿನ ಮೂರನೇ ಟ್ರೇ

ಗುರುವಾರ, ಹದಿನಾಲ್ಕನೇ ತಾರೀಕು
ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷ

ನನ್ನ ಚಿನ್ನಿಗೆ,

ಅಮ್ಮನಿಂದ ಮುತ್ತುಗಳು, ಮತ್ತು ಒಂದಿಷ್ಟು ಬೈಗುಳ.

ಬೈಗುಳ ಯಾಕೆಂದರೆ, ಮೊನ್ನೆ ಫೋನಿನಲ್ಲಿ ನೀನು ಒಂದೇ ಮಾತನ್ನು ಮೂರು ಸಲ ಕೇಳಿದೆ. ಆರು ವಾರ ಬಟಾಣಿನ ನೋಡ್ಕೊಳ್ಳೋಕೆ ನಿನ್ನ ಕೈಲಿ ಆಗುತ್ತೇನಮ್ಮ ಅಂತ. ನಿನ್ನನ್ನು ಸಾಕಿದ್ದು ಯಾರು, ಪಕ್ಕದ ಮನೆಯವರೇ? ನಾಲ್ಕು ವರ್ಷದ ಮೊಮ್ಮಗಳನ್ನು ಆರು ವಾರ ಇಟ್ಟುಕೊಳ್ಳಲು ನನಗೇನು ಧಾಡಿ? ನೀನು ನಿಶ್ಚಿಂತೆಯಿಂದ ಟ್ರೇನಿಂಗಿಗೆ ಹೋಗು. ಹೆರಿಗೆ ವಾರ್ಡಿನ ಹೆಡ್ ನರ್ಸ್ ಆಗುವ ಅವಕಾಶ ಮತ್ತೆ ಮತ್ತೆ ಬರುವುದಿಲ್ಲ. ಅಳಿಯಂದಿರು ಹಡಗಿನಿಂದ ಇಳಿಯುವುದು ಇನ್ನು ಐದು ತಿಂಗಳಿಗೆ. ನಾನು ಬೇಡವೆಂದರೆ ಮಗು ನಿನ್ನ ಅತ್ತೆಯ ಮನೆಗೇ ಹೋಗಬೇಕು. ನನ್ನ ಬೀಗಿತ್ತಿ ಆಗಲೇ ಒಂದು ಕೋಣೆ ಖಾಲಿ ಮಾಡಿ, ಪುಟ್ಟ ಮಂಚ ತಂದು ಹಾಕಿ, ಅದರ ಫೋಟೋ ಬೇರೆ ಕಳಿಸಿದ್ದಾರೆ. ನೋಡಿ ನನಗೆ ಹೊಟ್ಟೆ ಉರಿಯಿತು. ಸುಳ್ಳು ಯಾಕೆ ಹೇಳಲಿ.

ಇಪ್ಪತ್ನಾಲ್ಕನೇ ತಾರೀಕು ಭಾನುವಾರ ಅವಳನ್ನು ಕರೆತಾ. ಹಾಸಿಗೆ ಬಿಸಿಲಿಗೆ ಹಾಕಿದ್ದೇನೆ. ಅಡುಗೆಮನೆಯ ನೆಲಕ್ಕೆ ಒಂದು ಚಾಪೆ ತಂದಿದ್ದೇನೆ. ಅವಳು ಯಾವಾಗಲೂ ನನ್ನ ಕಾಲ ಹತ್ತಿರ ನೆಲದ ಮೇಲೆಯೇ ಕೂತು ಪಾತ್ರೆ ಜೋಡಿಸುತ್ತಾಳಲ್ಲ, ತಣ್ಣನೆ ನೆಲ ತಾಗಬಾರದು ಅಂತ.

ಈಗ ಫ್ರೈಸ್ ವಿಷಯ. ಈಚೆಗೆ ಅವಳು ಓವನ್ನಿನಲ್ಲಿ ಮಾಡಿದ ಗೆಣಸಿನ ಫ್ರೈಸ್ ಬಿಟ್ಟು ಬೇರೇನೂ ಮುಟ್ಟುವುದಿಲ್ಲ, ಅದೂ ಗರಿಗರಿ ಇಲ್ಲದಿದ್ದರೆ ತಟ್ಟೆ ದೂಡುತ್ತಾಳೆ, ನೀನು ಮಾಡಿದ್ದು ಮಾತ್ರ ಪ್ರತಿ ಸಲ ಮೆತ್ತಗಾಗುತ್ತದೆ ಅಂದೆ. ಮಾಡುವ ಬಗೆಯನ್ನು ಬರೆದು ಕಳಿಸು, ಫ್ರಿಜ್ ಮೇಲೆ ಅಂಟಿಸಿಕೊಳ್ಳುತ್ತೇನೆ ಅಂದೆ. ಅದಕ್ಕೇ ಈ ಕಾಗದ. ಈಗ ತಾನೇ ಮೂರನೇ ಟ್ರೇ ಒಳಗೆ ಇಟ್ಟು ಬಂದು ಕೂತಿದ್ದೇನೆ. ಮೂರನೇ ಟ್ರೇ ಅಂದರೆ ಇವತ್ತಿನ ಮೂರನೆಯದಲ್ಲ, ಅಭ್ಯಾಸದ ಮೂರನೆಯದು. ಅದು ಬೇಯುವಷ್ಟರಲ್ಲಿ ಬರೆದು ಮುಗಿಸುತ್ತೇನೆ.

ಉದ್ದನೆಯ, ತೆಳ್ಳನೆಯ ಗೆಣಸು ಆರಿಸಿಕೋ. ಒಳಗೆ ಕಿತ್ತಳೆ ಬಣ್ಣದ್ದಾದರೆ ಒಳ್ಳೆಯದು. ಬೆರಳಿನ ಗಾತ್ರಕ್ಕೆ ಹೆಚ್ಚು. ಬೆರಳು ಅಂದರೆ ನಿನ್ನ ಬೆರಳಲ್ಲ, ಬಟಾಣಿಯ ಬೆರಳು. ಎಲ್ಲ ಒಂದೇ ದಪ್ಪ ಇರಬೇಕು, ಇಲ್ಲದಿದ್ದರೆ ತೆಳುವಾದದ್ದು ಸುಡುವ ಹೊತ್ತಿಗೆ ದಪ್ಪಗಿನದು ಇನ್ನೂ ಹಸಿ ಇರುತ್ತದೆ. ಒಂದು ಗಂಟೆ ತಣ್ಣೀರಿನಲ್ಲಿ ಬಿಡು, ನೀರು ಮಂಕಾಗುತ್ತದೆ. ಆ ನೀರು ಚೆಲ್ಲಿ ಬಟ್ಟೆಯ ಮೇಲೆ ಹರಡಿ ಒರೆಸು. ಒರೆಸುವುದು ಅಂದರೆ ನೀನು ಸ್ನಾನ ಮಾಡಿ ಬಂದು ತಲೆ ಒರೆಸಿಕೊಳ್ಳುವ ಹಾಗಲ್ಲ. ಒಂದು ಹನಿ ಉಳಿದರೂ ಅದು ಆವಿಯಾಗಿ ಎಲ್ಲವನ್ನೂ ಮೆತ್ತಗೆ ಮಾಡುತ್ತದೆ.

ಆಮೇಲೆ ಎರಡು ಗೆಣಸಿಗೆ ಒಂದು ದೊಡ್ಡ ಚಮಚ ಕಾರ್ನ್‌ಫ್ಲೋರ್ ಉದುರಿಸಿ ಕುಲುಕು. ಅದರ ಮೇಲೆ ಎರಡು ಚಮಚ ಎಣ್ಣೆ. ಉಪ್ಪು ಹಾಕಬೇಡ. ನೀನು ತಪ್ಪು ಮಾಡುವುದೇ ಇಲ್ಲಿ, ನನಗೆ ಗೊತ್ತು. ಉಪ್ಪು ಬಿದ್ದ ಕೂಡಲೇ ಗೆಣಸು ನೀರು ಬಿಡುತ್ತದೆ. ಉಪ್ಪು ಕೊನೆಗೆ, ಟ್ರೇ ಹೊರಗೆ ಬಂದ ಮೇಲೆ. ಟ್ರೇಯಲ್ಲಿ ಒಂದಕ್ಕೊಂದು ತಾಗದ ಹಾಗೆ ಹರಡು. ತುಂಬಿದ ಬಸ್ಸಿನಲ್ಲಿ ನಿಂತವರ ಹಾಗೆ ಒತ್ತಿಕೊಂಡರೆ ಅವೂ ಬೆವರುತ್ತವೆ. ಇನ್ನೂರಿಪ್ಪತ್ತು ಡಿಗ್ರಿಗೆ ಮೊದಲೇ ಕಾದ ಓವನ್ನಿನಲ್ಲಿ ಹದಿನೈದು ನಿಮಿಷ, ತಿರುವಿ ಹಾಕಿ ಮತ್ತೆ ಹದಿನೈದು ನಿಮಿಷ.

ಈ ಎರಡನೇ ಹದಿನೈದು ನಿಮಿಷದಲ್ಲಿದೆ ಗುಟ್ಟು. ಓವನ್ ಬಾಗಿಲಿಗೆ ಒಂದು ಮರದ ಸೌಟು ಸಿಕ್ಕಿಸಿ, ಎರಡು ಬೆರಳಷ್ಟು ತೆರೆದಿಡಬೇಕು. ಒಳಗಿನ ಆವಿ ಹೊರಗೆ ಹೋದರೇನೇ ಗರಿಗರಿ ಆಗುವುದು. ಬಿಸ್ಕತ್ ಫ್ಯಾಕ್ಟರಿಯಲ್ಲಿ ನಾವು ಮೂವತ್ತೊಂದು ವರ್ಷ ಹೀಗೇ ಮಾಡಿದ್ದು. ಮ್ಯಾನೇಜರುಗಳು ಬಂದರು, ಹೋದರು, ಪುಸ್ತಕದಲ್ಲಿ ಹೀಗೆ ಬರೆದಿಲ್ಲ ಅಂದರು. ಬಿಸ್ಕತ್ತು ತಿಂದು ಸುಮ್ಮನಾದರು.

ಮೂರು ಇಪ್ಪತ್ತೈದು. ಗಡಿಯಾರ ಬಡಿಯಿತು, ಎದ್ದು ತಿರುವಿ ಹಾಕಿ ಬಂದೆ. ಅಂಚು ಚೆನ್ನಾಗಿ ಕೆಂಪಗಾಗಿದೆ. ಬಾಗಿಲಿನ ಸ್ಪ್ರಿಂಗ್ ಹಳೆಯದಾಗಿ ಕೈಗೆ ನಿಲ್ಲುವುದಿಲ್ಲ, ಧಡ್ ಎಂದು ಹಾಕಿಕೊಂಡಿತು. ಮತ್ತೆ ಎಳೆದು ಸೌಟು ಸಿಕ್ಕಿಸಿದ್ದೇನೆ.

ಗಡಿಯಾರ ಅಂದೆನಲ್ಲ, ಅದು ನನ್ನದಲ್ಲ. ಕೆಳಗಿನ ಮನೆಯ ಟೈಲರಮ್ಮನದು. ಗುಂಡಿ ಒತ್ತುವವರೆಗೆ ಕೀ ಕೀ ಎನ್ನುತ್ತಲೇ ಇರುವ ಜಾತಿ. ಅಮ್ಮನಿಗೆ ಗಡಿಯಾರ ಯಾಕೆ ಬೇಕಾಯಿತು ಅಂತ ನೀನು ಕೇಳುತ್ತೀಯ. ಫ್ಯಾಕ್ಟರಿಯಲ್ಲಿ ನನ್ನನ್ನು ಎಲ್ಲರೂ ಮೂಗಿನಕ್ಕ ಎನ್ನುತ್ತಿದ್ದದ್ದು ನಿನಗೆ ನೆನಪಿದೆ. ಗೋಡೆಯ ಮೇಲೆ ಅಷ್ಟು ದೊಡ್ಡ ಗಡಿಯಾರ ಇದ್ದರೂ ಅದನ್ನು ಯಾರೂ ನೋಡುತ್ತಿರಲಿಲ್ಲ. ನಾನು ಓವನ್ನಿನ ಪಕ್ಕ ನಿಂತು, ತೆಗೀರಿ ಅಂದರೆ ತೆಗೆಯುತ್ತಿದ್ದರು. ಹಿಟ್ಟಿನ ವಾಸನೆ ಹೋಗಿ, ಸಕ್ಕರೆಯ ವಾಸನೆ ಬಂದು, ಅದು ಕಹಿಗೆ ತಿರುಗುವ ಮುಂಚಿನ ಒಂದು ಕ್ಷಣ ಇರುತ್ತದೆ. ಆ ಕ್ಷಣ ನನಗೆ ಒಂದು ದಿನವೂ ತಪ್ಪಲಿಲ್ಲ.

ಕಳೆದ ವಾರ ಮೊದಲ ಟ್ರೇ ಇಟ್ಟಾಗ ಅದೇ ಅಭ್ಯಾಸ. ಗಡಿಯಾರ ನೋಡದೆ ಒಳಕೋಣೆಯಲ್ಲಿ ಬಟಾಣಿಯ ಫ್ರಾಕಿಗೆ ಗುಂಡಿ ಹೊಲಿಯುತ್ತ ಕೂತೆ. ವಾಸನೆ ಬಂದಾಗ ಏಳೋಣ ಅಂತ. ಆರು ಗುಂಡಿ ಹೊಲಿದಾಯಿತು. ಟೈಲರಮ್ಮ ಬಾಗಿಲು ತಳ್ಳಿಕೊಂಡು ಒಳಗೆ ಬಂದಳು. ಅಕ್ಕಾ, ಏನಿದು ಹೊಗೆ, ಕಣ್ಣು ಕಾಣ್ತಿಲ್ಲ ಅಂದಳು. ಅಡುಗೆಮನೆ ತುಂಬ ಹೊಗೆ ಇತ್ತು. ಗೆಣಸು ಇದ್ದಿಲಾಗಿತ್ತು. ನನಗೆ ಕಪ್ಪಗಾದರೇನೇ ಇಷ್ಟ ಅಂತ ಹೇಳಿ, ಅವಳ ಎದುರಿಗೇ ಎರಡು ತಿಂದೆ.

ಚಿನ್ನಿ, ಮೂರು ತಿಂಗಳ ಹಿಂದೆ ನನಗೆ ಜ್ವರ ಬಂದಿತ್ತಲ್ಲ, ಆಮೇಲೆ ಮೂಗು ಸ್ವಲ್ಪ ಮಂದವಾಗಿದೆ.

ಸ್ವಲ್ಪ ಅಂತ ಬರೆದೆ. ಸ್ವಲ್ಪವಲ್ಲ. ಏನೂ ಬರುವುದಿಲ್ಲ. ಸೋಪು, ಸೀಮೆಎಣ್ಣೆ, ಹಳಸಿದ ಹಾಲು ಎಲ್ಲ ಒಂದೇ. ಮೊದಲು ನೆಗಡಿ ಅಂದುಕೊಂಡೆ. ಆಮೇಲೆ ಒಂದು ದಿನ ಬೆಳಿಗ್ಗೆ ಬಿಸಿ ಬಿಸ್ಕತ್ತಿನ ವಾಸನೆ ಬಂತು, ಫ್ಯಾಕ್ಟರಿಯಲ್ಲಿ ಬರುತ್ತಿದ್ದ ಹಾಗೆಯೇ. ಮೂಗು ವಾಪಸ್ ಬಂತು ಅಂತ ಸಂತೋಷಕ್ಕೆ ಅತ್ತುಬಿಟ್ಟೆ. ಓವನ್ ಹತ್ತಿರ ಓಡಿದೆ. ಅದು ತಣ್ಣಗಿತ್ತು, ಒಳಗೆ ಏನೂ ಇರಲಿಲ್ಲ. ಅವತ್ತಿನಿಂದ ಆ ವಾಸನೆ ತನಗೆ ಬೇಕೆಂದಾಗ ಬರುತ್ತದೆ, ಹೋಗುತ್ತದೆ. ಇರುವ ವಾಸನೆ ತಿಳಿಯುವುದಿಲ್ಲ, ಇಲ್ಲದ ವಾಸನೆ ತಿಳಿಯುತ್ತದೆ.

ಡಾಕ್ಟರ ಹತ್ತಿರ ಹೋಗಿದ್ದೆ. ವಾಪಸ್ ಬರಬಹುದು, ಬರದೆಯೂ ಇರಬಹುದು ಅಂದರು. ಮನೇಲಿ ಯಾರ್ಯಾರು ಇರ್ತೀರಿ ಅಂತ ಕೇಳಿದರು. ಒಬ್ಬಳೇ ಅಂದೆ. ಹಾಗಾದರೆ ಗ್ಯಾಸ್ ಬೇಡ, ಕರೆಂಟಿನ ಒಲೆ ಇಟ್ಟುಕೊಳ್ಳಿ ಅಂದರು. ಇನ್ನೂ ಏನೋ ಹೇಳಿದರು, ಚಿಕ್ಕ ಮಕ್ಕಳ ವಿಷಯ. ನಾನು ಅಷ್ಟರಲ್ಲಿ ಚೀಟಿ ಮಡಚಿ ಎದ್ದಿದ್ದೆ.

ನಮ್ಮ ಓವನ್ ನಿನಗೆ ಗೊತ್ತಲ್ಲ. ಫ್ಯಾಕ್ಟರಿ ಕ್ಯಾಂಟೀನ್ ಮುಚ್ಚಿದಾಗ ತಂದದ್ದು, ಸಿಲಿಂಡರಿನಿಂದ ಉರಿಯುವುದು. ಈಗಿನವು ಉರಿ ಆರಿದರೆ ತಾವೇ ಗ್ಯಾಸ್ ನಿಲ್ಲಿಸುತ್ತವಂತೆ. ಇದಕ್ಕೆ ಆ ಬುದ್ಧಿ ಇಲ್ಲ. ಉರಿ ಕಾಣಬೇಕೆಂದರೆ ಕೆಳಗೆ ಮೊಣಕಾಲ ಮಟ್ಟದಲ್ಲಿ ಒಂದು ಸಣ್ಣ ತೂತು ಇದೆ, ಬಗ್ಗಿ ನೋಡಬೇಕು. ನನ್ನ ಮೊಣಕಾಲಿಗೆ ಬಗ್ಗುವುದೆಂದರೆ ಆಗದು. ಇಷ್ಟು ದಿನ ಅದರ ಅಗತ್ಯವೂ ಇರಲಿಲ್ಲ. ಆರಿದರೆ ಮೂಗಿಗೆ ಗೊತ್ತಾಗುತ್ತಿತ್ತು.

ಎರಡನೇ ಟ್ರೇ ಇಟ್ಟಿದ್ದು ಮೊನ್ನೆ ಮಂಗಳವಾರ. ಸೌಟು ಸಿಕ್ಕಿಸಿದ್ದೆ, ಕಿಟಕಿ ತೆರೆದಿತ್ತು. ಗಾಳಿ ಬೀಸಿ ಉರಿ ಆರಿಹೋಗಿದೆ, ನಾನು ನೋಡಿಲ್ಲ. ಗ್ಯಾಸ್ ಭಾರ, ಮೇಲೆ ಏಳುವುದಿಲ್ಲ, ನೆಲದ ಮೇಲೆ ಹರಡಿಕೊಂಡು ಮೆಟ್ಟಿಲಿಳಿದು ಕೆಳಗೆ ಹೋಗುತ್ತದಂತೆ. ಇದನ್ನೆಲ್ಲ ಆಮೇಲೆ ಟೈಲರಮ್ಮ ಹೇಳಿದ್ದು. ಅವಳು ಕತ್ತರಿ ಕೈಯಲ್ಲಿ ಹಿಡಿದುಕೊಂಡೇ ಓಡಿ ಬಂದು ಸಿಲಿಂಡರ್ ಮುಚ್ಚಿದಳು. ನನ್ನನ್ನು ಮೆಟ್ಟಿಲ ಮೇಲೆ ಕೂರಿಸಿದಳು. ನಿಮಗೆ ವಾಸನೆ ಬರಲ್ಲ ಅಲ್ವಾ ಅಕ್ಕಾ ಅಂತ ಕೇಳಿದಳು. ಮೂರು ತಿಂಗಳಲ್ಲಿ ಮೊದಲ ಸಲ ಒಬ್ಬರ ಹತ್ತಿರ ಬಾಯಿ ಬಿಟ್ಟೆ. ಮಗಳಿಗೆ ಹೇಳಿ, ಮೊಮ್ಮಗು ಬರ್ತಿದೆ ಅಂತೀರಿ, ಮಗು ಬಂದ್ಮೇಲೆ ಹೇಳಿದ್ರೆ ಏನ್ ಪ್ರಯೋಜನ ಅಂದಳು. ಹೇಳುತ್ತೇನೆ, ಎರಡು ದಿನ ಕೊಡು ಅಂದೆ. ಎರಡು ದಿನ ಇವತ್ತಿಗೆ ಮುಗಿಯಿತು.

ಅದಕ್ಕೇ ಇವತ್ತು ಎಲ್ಲಕ್ಕೂ ವ್ಯವಸ್ಥೆ ಮಾಡಿಕೊಂಡಿದ್ದೇನೆ. ಮೂಗಿನ ಬದಲು ಗಡಿಯಾರ. ಗಾಳಿಗೆ ಉರಿ ಆರಬಾರದೆಂದು ಎಲ್ಲ ಕಿಟಕಿ ಭದ್ರವಾಗಿ ಮುಚ್ಚಿದ್ದೇನೆ. ಹೊರಬಾಗಿಲಿಗೆ ಅಗುಳಿ ಹಾಕಿ, ಅದರ ಕೆಳಗೆ ಟವೆಲ್ ತುರುಕಿದ್ದೇನೆ, ಅಲ್ಲಿಂದಲೂ ಗಾಳಿ ನುಗ್ಗುತ್ತದೆ ಅಂತ. ಟವೆಲ್ ಇಟ್ಟಿದ್ದು ಗಾಳಿಗೆ ಮಾತ್ರವಲ್ಲ. ಏನಾದರೂ ಸುಟ್ಟರೆ ಟೈಲರಮ್ಮನಿಗೆ ತಿಳಿಯಬಾರದು ಅಂತಲೂ ಹೌದು. ಅವಳಿಗೆ ಬೇರೆಯವರ ಮನೆಯ ವಿಷಯದಲ್ಲಿ ಮೂಗು ತೂರಿಸುವುದು ಜಾಸ್ತಿ.

ಮೂರು ನಲವತ್ತು. ಗಡಿಯಾರ ಬಡಿಯಿತು. ನೋಡಿ ಬಂದೆ, ಬಣ್ಣ ಬಂದಿಲ್ಲ. ಆಗ ಹೇಗಿತ್ತೋ ಈಗಲೂ ಹಾಗೇ ಇದೆ. ಗೆಣಸು ಹಳೆಯದಿರಬೇಕು, ತರಕಾರಿಯವನು ನನಗೆ ಟೋಪಿ ಹಾಕಿದ್ದಾನೆ. ಶಾಖ ಕಡಿಮೆ ಅನ್ನಿಸಿತು. ನಾಬ್ ಪೂರ್ತಿ ತಿರುಗಿಸಿ ಬಂದಿದ್ದೇನೆ. ನಾಲ್ಕು ಗಂಟೆಗೆ ಅಲಾರಂ ಇಟ್ಟು ಗಡಿಯಾರವನ್ನು ಓವನ್ ಪಕ್ಕದಲ್ಲೇ ಬಿಟ್ಟಿದ್ದೇನೆ.

ಇದನ್ನೆಲ್ಲ ಫೋನಿನಲ್ಲಿ ಹೇಳಬಹುದಿತ್ತು. ಆದರೆ ನಿನ್ನ ಧ್ವನಿ ಕೇಳಿದ ಕೂಡಲೇ ನನ್ನ ಬಾಯಿಂದ ಸುಳ್ಳೇ ಬರುತ್ತದೆ. ಚೆನ್ನಾಗಿದ್ದೇನೆ, ಎಲ್ಲ ಸರಿ ಇದೆ, ನೀನು ಊಟ ಮಾಡಿದೆಯಾ. ಕಾಗದದಲ್ಲಿಯಾದರೂ ಹೇಳೋಣ ಅಂದುಕೊಂಡು ಕೂತೆ. ಬರೆಯುತ್ತ ಬರೆಯುತ್ತ ಬೇರೆ ಯೋಚನೆ ಬರುತ್ತಿದೆ. ನಿನಗೆ ಇದು ತಿಳಿದರೆ ಬಟಾಣಿ ಆ ಮಂಚದ ಮನೆಗೆ ಹೋಗುತ್ತಾಳೆ. ಆರು ವಾರದಲ್ಲಿ ಮಗು ಯಾರ ಮಡಿಲಿಗೆ ಒಗ್ಗುತ್ತದೋ ಅವರದ್ದೇ ಆಗುತ್ತದೆ. ಅವಳು ನನ್ನ ಕುತ್ತಿಗೆಯಲ್ಲಿ ಮುಖ ಹುದುಗಿಸಿದರೆ ಅವಳ ತಲೆಯ ವಾಸನೆ ಬರುತ್ತಿತ್ತು, ಬೆವರು, ಸೋಪು, ಪೆನ್ಸಿಲು. ಹೋದ ಸಲ ಬಂದಾಗ ಎಷ್ಟು ಮೂಸಿದರೂ ಏನೂ ಬರಲಿಲ್ಲ. ಆರು ವಾರ ಹತ್ತಿರ ಇದ್ದರೆ ಬರಬಹುದೇನೋ ಎಂಬ ಆಸೆ ನನಗೆ. ಡಾಕ್ಟರಿಗೆ ಇದನ್ನು ಹೇಳಿದರೆ ನಗುತ್ತಾರೆ.

ತಲೆ ನೋಯುತ್ತಿದೆ. ಕಿಟಕಿ ಮುಚ್ಚಿದ್ದಕ್ಕೆ ಸೆಕೆ. ಬರೆದ ಸಾಲು ಸೊಟ್ಟಗೆ ಹೋಗುತ್ತಿದೆ, ಕನ್ನಡಕ ಬದಲಾಯಿಸಬೇಕು. ಮನೆ ತುಂಬ ಬಿಸ್ಕತ್ತಿನ ವಾಸನೆ ಬರುತ್ತಿದೆ, ನಾಲ್ಕು ಗಂಟೆಯ ಪಾಳಿಯಲ್ಲಿ ಬರುತ್ತಿದ್ದಂಥದ್ದು. ಹಿತವಾಗಿದೆ. ಇಲ್ಲೇ ಮೇಜಿನ ಮೇಲೆ ತಲೆ ಇಟ್ಟು ಐದು ನಿಮಿಷ ಮಲಗೋಣ ಅನ್ನಿಸುತ್ತಿದೆ.

ಮಲಗಿದ್ದೆನೋ ಏನೋ. ಅಡುಗೆಮನೆಯಲ್ಲಿ ಗಡಿಯಾರ ಬಡಿದುಕೊಳ್ಳುತ್ತಿದೆ. ಬಡಿದುಕೊಳ್ಳಲಿ. ಈ ಕಾಗದ ಮುಗಿಸಿ ಏಳುತ್ತೇನೆ.

ತೀರ್ಮಾನ ಮಾಡಿದೆ. ಈ ನಡುವಿನ ಹಾಳೆಗಳನ್ನು ನಿನಗೆ ಕಳಿಸುವುದಿಲ್ಲ. ಫ್ರೈಸ್ ಬರೆದ ಹಾಳೆ, ಮತ್ತೆ ಈ ಕೊನೆಯ ಹಾಳೆ, ಎರಡೇ ಸಾಕು. ಮಿಕ್ಕದ್ದನ್ನು ಒಲೆಗೆ ಹಾಕುತ್ತೇನೆ. ಟೈಲರಮ್ಮನ ಬಾಯಿ ಮುಚ್ಚಿಸುವುದು ಹೇಗೆಂದು ನನಗೆ ಗೊತ್ತು.

ಹಾಗಾಗಿ ಚಿನ್ನಿ, ನಾನು ಚೆನ್ನಾಗಿದ್ದೇನೆ. ನನಗೇನೂ ಆಗಿಲ್ಲ. ಇಪ್ಪತ್ನಾಲ್ಕರಂದು ಬಟಾಣಿಯನ್ನು ಕರೆದುಕೊಂಡು ಬಾ, ಚಾಪೆ ಹಾಸಿಟ್ಟಿರುತ್ತೇನೆ. ನೀನು ಯಾವುದಕ್ಕೂ ಯೋಚನೆ ಮಾಡಬೇಡ. ತಲೆನೋವಿಗೆ ಒಂದು ಲೋಟ ಬಿಸಿ ಚಹಾ ಕುಡಿದರೆ ಸರಿಹೋಗುತ್ತದೆ. ಈಗ ಎದ್ದು ಒಲೆ ಹೊತ್ತಿಸುತ್ತೇನೆ.

ನಿನ್ನ ದಾರಿ ಕಾಯುವ,
ಅಮ್ಮ

ಮತ್ತೆ:

ಐದೂವರೆ ಗಂಟೆ. ಟೈಲರಮ್ಮನ ಮನೆಯಲ್ಲಿ ಕೂತು, ಅವಳ ಪೆನ್ಸಿಲಿನಲ್ಲಿ ಬರೆಯುತ್ತಿದ್ದೇನೆ.

ಬೆಂಕಿಕಡ್ಡಿ ಪೆಟ್ಟಿಗೆಯಿಂದ ಹೊರಗೆ ಬಂದಿತ್ತು. ಗೀರಿರಲಿಲ್ಲ. ಬಾಗಿಲು ಬಡಿಯುವ ಶಬ್ದ ಕೇಳಿ, ಈ ಹೆಂಗಸು ಮತ್ತೆ ಬಂದಳಲ್ಲ ಅಂತ ಸಿಟ್ಟು ಬಂತು. ಗೀರಿ, ಪಾತ್ರೆ ಇಟ್ಟು, ಆಮೇಲೆ ತೆರೆಯೋಣ ಅಂದುಕೊಂಡೆ. ಅವಳು ಹೊರಗಿನಿಂದ ಕೂಗಿದಳು. ಅಕ್ಕಾ, ಏನನ್ನೂ ಹಚ್ಚಬೇಡಿ, ಸ್ವಿಚ್ ಮುಟ್ಟಬೇಡಿ, ಬಾಗಿಲು ಮಾತ್ರ ತೆಗೀರಿ ಅಂತ. ಕಡ್ಡಿ ಕೆಳಗಿಟ್ಟು ಹೋಗಿ ಅಗುಳಿ ತೆಗೆದೆ. ಟವೆಲ್ ಇದ್ದದ್ದರಿಂದ ಈ ಸಲ ಅವಳಿಗೆ ಕೆಳಗೆ ವಾಸನೆ ಬಂದಿರಲಿಲ್ಲ. ಅವಳ ಗಡಿಯಾರ ಹತ್ತು ನಿಮಿಷದಿಂದ ನಿಲ್ಲದೆ ಕೂಗುತ್ತಿದ್ದದ್ದು ಅವಳ ಮನೆಯ ಚಾವಣಿಯ ಮೂಲಕ ಕೇಳಿಸಿತಂತೆ. ಬಾಗಿಲ ಹತ್ತಿರ ಬಂದಾಗ ಗ್ಯಾಸ್ ತಿಳಿಯಿತು. ಅದಕ್ಕೇ ಬೆಲ್ ಒತ್ತಲಿಲ್ಲ, ಕೈಯಿಂದ ಬಡಿದಳು. ಅವಳ ಅಂಗೈ ಊದಿಕೊಂಡಿದೆ.

ಮೂರು ಇಪ್ಪತ್ತೈದಕ್ಕೆ ಓವನ್ ಬಾಗಿಲು ಧಡ್ ಎಂದು ಹಾಕಿಕೊಂಡಾಗಲೇ ಉರಿ ಆರಿತ್ತು. ಕಿಟಕಿಯ ಗಾಳಿಯಿಂದಲ್ಲ, ಆ ಹೊಡೆತಕ್ಕೆ. ಆ ಹೊತ್ತಿನಿಂದ ನಾನು ಈ ಕಾಗದ ಬರೆದದ್ದೆಲ್ಲ ಗ್ಯಾಸಿನ ಒಳಗೇ. ನಾನು ಕುರ್ಚಿಯ ಮೇಲೆ ಎತ್ತರದಲ್ಲಿದ್ದೆ, ನನಗೆ ಬರೀ ತಲೆನೋವು. ಚಾಪೆ ನೆಲದ ಮೇಲಿತ್ತು ಚಿನ್ನಿ. ಸಿಲಿಂಡರ್ ಮುಚ್ಚಿ ಕಿಟಕಿ ತೆರೆದ ಮೇಲೆ ಟೈಲರಮ್ಮ ಆ ಚಾಪೆಯನ್ನು ತೋರಿಸಿ, ಇದು ಯಾರಿಗೆ ಅಂತ ಕೇಳಿದಳು.

ಹಾಳೆಗಳನ್ನೆಲ್ಲ ಅವಳೇ ಎಣಿಸಿ ಲಕೋಟೆಗೆ ಹಾಕುತ್ತಾಳೆ. ಒಂದೂ ಕಡಿಮೆ ಇಲ್ಲ. ನಾಳೆ ಅವಳೇ ಅಂಚೆಗೆ ಹಾಕುತ್ತಾಳೆ.

ಬಟಾಣಿಯನ್ನು ಕರೆತರಬೇಡ. ಆ ಅಜ್ಜಿಯ ಮನೆಗೇ ಕಳಿಸು. ಅವರದ್ದು ಕರೆಂಟಿನ ಓವನ್, ಗಾಜಿನ ಬಾಗಿಲು, ಒಳಗೆ ದೀಪ ಇದೆ, ಫೋಟೋದಲ್ಲಿ ಮಂಚದ ಹಿಂದೆ, ತೆರೆದ ಬಾಗಿಲಿನ ಆಚೆ ಕಂಡಿತು. ಫ್ರೈಸ್ ಬರೆದ ಹಾಳೆಯನ್ನು ನೀನು ಅಂಟಿಸಿಕೊಳ್ಳಬೇಡ, ಅವರಿಗೆ ಕೊಡು. ಸೌಟಿನ ವಿಷಯ ಹೊಡೆದುಹಾಕು, ಗ್ಯಾಸಿನದ್ದು ಇಟ್ಟುಕೊಂಡವರು ಯಾರಾದರೂ ಓದಿಯಾರು. ಬಟಾಣಿಯ ಬೆರಳಿನಷ್ಟು ದಪ್ಪ ಅಂತ ಹೇಳು, ಚೆನ್ನಾಗಿ ಒರೆಸಬೇಕು ಅಂತ ಹೇಳು. ನಿನ್ನ ಮದುವೆಯ ಮರುದಿನ ಅವರ ಅಡುಗೆಮನೆಯಲ್ಲಿ ನಿಂತು ನೋಡಿದ್ದೇನೆ, ಅವರು ಎಲ್ಲಕ್ಕೂ ಮೊದಲೇ ಉಪ್ಪು ಹಾಕಿಬಿಡುತ್ತಾರೆ. ಮೊದಲು ಹಾಕಿದರೆ ಮೆತ್ತಗಾಗುತ್ತದೆ, ಮಗು ತಿನ್ನುವುದಿಲ್ಲ, ಉಪ್ಪು ಕೊನೆಗೆ ಅಂತ ಅವರಿಗೆ ಹೇಳು.